ಸಾವಕಾಶದ ಬದುಕು ಮತ್ತು ಬೀದಿ ತುದಿಯ ಕಾಫಿ ಅಂಗಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ನಗರದ ನಡುವಿನಿಂದ ಉಪನಗರಕ್ಕೆ ಮನೆ ಬದಲಿಸಿದವರು, ಬದಲಿಸಬೇಕೆಂದು ಯೋಚಿಸುತ್ತಿರುವವರು ಮತ್ತು ಅಲ್ಲಿಯೇ ಬೆಳೆದವರು ಬರೆದ ಪತ್ರಗಳು ಈ ಬಾರಿ ಹೆಚ್ಚಾಗಿ ಬಂದಿವೆ. ಅವುಗಳಲ್ಲಿ ಒಂದೇ ಎಳೆಗೆ ಸೇರುವ ಕೆಲವನ್ನು ಸಂಕ್ಷೇಪಿಸಿ ಇಲ್ಲಿ ಕೊಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ಗದ್ದಲದಿಂದ ದೂರ ಸರಿದು ನಿಧಾನವಾಗಿ ಬದುಕೋಣವೆಂದು ನಾವು ದಂಪತಿಗಳು ಉಪನಗರದಲ್ಲಿ ಮನೆ ಮಾಡಿದೆವು. ಮನೆ ವಿಶಾಲವಾಗಿದೆ, ಗಾಳಿ ಬೆಳಕಿಗೆ ಕೊರತೆಯಿಲ್ಲ. ಆದರೆ ಒಂದು ಹಾಲಿನ ಪೊಟ್ಟಣ ತರಬೇಕಾದರೂ ಕಾರು ತೆಗೆಯಬೇಕು. ಸಂಜೆಯಾದರೆ ಹೋಗಿ ಕೂರಲು ಜಾಗವಿಲ್ಲ. ನೆಮ್ಮದಿ ಬರುವ ಬದಲು ಬೇಸರ ಬಂದಿದೆ. ಕೊರತೆ ನಮ್ಮಲ್ಲೇ ಇದೆಯೇ?

ಉತ್ತರ: ಕೊರತೆ ನಿಮ್ಮ ಸ್ವಭಾವದ್ದೆಂದು ನನಗೆ ಅನ್ನಿಸುವುದಿಲ್ಲ, ಅದು ಬಹುಮಟ್ಟಿಗೆ ನೀವು ಬಂದು ಸೇರಿದ ಬಡಾವಣೆಯ ನಕ್ಷೆಯಲ್ಲೇ ಇದೆ. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ, ದುಡಿಯುವ ಜಾಗ ಮತ್ತೊಂದು ಕಡೆ ಎಂದು ಊರನ್ನು ವಲಯಗಳಾಗಿ ಹಂಚಿದ್ದು ಇಪ್ಪತ್ತನೆಯ ಶತಮಾನದ ನಗರ ಯೋಜನೆ. ಅಮೆರಿಕದ ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರು ಹೀಗೆ ವಲಯ ಗುರುತಿಸಿದ್ದನ್ನು ಅಲ್ಲಿ ಜಮೀನು ಹೊಂದಿದ್ದ ಸಂಸ್ಥೆಯೊಂದು ಪ್ರಶ್ನಿಸಿದಾಗ, ಆ ದೇಶದ ಸರ್ವೋಚ್ಚ ನ್ಯಾಯಾಲಯ 1926ರಲ್ಲಿ ಊರಿನ ಪರವಾಗಿ ತೀರ್ಪು ಕೊಟ್ಟಿತು. ಆ ಬಳಿಕ ಅಲ್ಲಿನ ಉಪನಗರಗಳು ಬಹುಪಾಲು ಅದೇ ಅಚ್ಚಿನಲ್ಲಿ ಬೆಳೆದವು. ಕಾರ್ಖಾನೆಯ ಹೊಗೆ ಮತ್ತು ಸಂತೆಯ ಸದ್ದು ಮಲಗುವ ಕೋಣೆಯವರೆಗೆ ಬರಬಾರದೆಂಬುದು ಒಳ್ಳೆಯ ಉದ್ದೇಶವೇ. ಆದರೆ ಹೊಗೆಯ ಜೊತೆಗೆ ಅಂಗಡಿಯನ್ನೂ, ಮೂಲೆಯ ಕಾಫಿಯನ್ನೂ, ಅಕಸ್ಮಾತ್ ಎದುರಾಗುವ ಪರಿಚಿತರನ್ನೂ ಅದು ದೂರ ಮಾಡಿತು. ನೀವು ಕೊಂಡ ಮೌನದ ಜೊತೆಗೆ ಈ ದೂರವೂ ಬಂದಿದೆ.

ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಮುಂದಿಟ್ಟ ಒಂದು ವಾದವನ್ನು ಮನೆ ಬದಲಿಸುವ ಮುನ್ನವೇ ಎಲ್ಲರೂ ಓದಿಕೊಳ್ಳುವುದು ಒಳ್ಳೆಯದು. ಮನುಷ್ಯರು ಸರಾಸರಿಯಲ್ಲಿ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾರೆ, ವಾಹನದ ವೇಗ ಹೆಚ್ಚಿದರೆ ಆ ಗಂಟೆಯನ್ನು ಉಳಿಸಿಕೊಳ್ಳುವ ಬದಲು ಇನ್ನಷ್ಟು ದೂರ ಹೋಗಿ ನೆಲೆಸುತ್ತಾರೆ ಎಂಬುದು ಅದರ ಸಾರ. ಹಾಗಾದರೆ ದೂರದ ಮನೆ, ಅಗಲ ರಸ್ತೆ, ಒಳ್ಳೆಯ ಕಾರು ಇವು ಮೂರೂ ಸೇರಿದರೂ ದಿನಕ್ಕೆ ಬಿಡುವು ಕೂಡಿಬರುವುದಿಲ್ಲ. ಸಾವಕಾಶ ಬೇಕೆಂದರೆ ಹತ್ತಿರದಲ್ಲಿ ಏನಾದರೂ ಇರಬೇಕು, ಅಲ್ಲಿಗೆ ಮತ್ತೆ ಮತ್ತೆ ಹೋಗಬೇಕು. ಈ ಅಂಕಣದಲ್ಲಿ ಮುಂದೆ ನಾನು ಹೇಳುವುದೆಲ್ಲ ಇದೇ ಮಾತಿನ ವಿಸ್ತರಣೆ.

ನಿಧಾನ ಬದುಕಿನ ಚಳವಳಿಯ ಹುಟ್ಟನ್ನು ನೋಡಿದರೂ ಈ ಹತ್ತಿರದ ಹಂಬಲ ಕಾಣುತ್ತದೆ. 1986ರಲ್ಲಿ ರೋಮ್ ನಗರದ ಹಳೆಯ ಚೌಕವೊಂದರ ಬಳಿ ಮೆಕ್‌ಡೊನಾಲ್ಡ್ಸ್ ಮಳಿಗೆ ತೆರೆದಾಗ ಎದ್ದ ಪ್ರತಿಭಟನೆಯಲ್ಲಿ ಪತ್ರಕರ್ತ ಕಾರ್ಲೊ ಪೆಟ್ರೀನಿ ಮುಂದಿದ್ದರು. ಅದರಿಂದ ಬೆಳೆದ ಸ್ಲೋ ಫುಡ್, ಅಂದರೆ ನಿಧಾನ ಆಹಾರದ ಚಳವಳಿ 1989ರಲ್ಲಿ ಅಂತರರಾಷ್ಟ್ರೀಯ ರೂಪ ಪಡೆಯಿತು. 1999ರಲ್ಲಿ ಇಟಲಿಯ ಕೆಲವು ಸಣ್ಣ ಊರುಗಳ ಮೇಯರ್‌ಗಳು ಸೇರಿ ಚಿಟ್ಟಾಸ್ಲೋ, ಅಂದರೆ ನಿಧಾನದ ಊರು, ಎಂಬ ಒಕ್ಕೂಟ ಕಟ್ಟಿದರು. ಐವತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗಷ್ಟೇ ಅದರಲ್ಲಿ ಪೂರ್ಣ ಸದಸ್ಯತ್ವ. ಕದ ಹಾಕಿಕೊಂಡು ಒಬ್ಬೊಬ್ಬರೇ ಕೂರುವುದನ್ನು ಅವರಾರೂ ನಿಧಾನವೆಂದು ಕರೆಯಲಿಲ್ಲ. ಅವರಿಗೆ ಬೇಕಾಗಿದ್ದುದು ನಡೆದು ಹೋಗಬಹುದಾದ ಊರು ಮತ್ತು ಜನ ಸೇರುವ ಮೇಜು. ಮನೆ ಮೊದಲನೆಯ ನೆಲೆ, ದುಡಿಮೆಯ ಜಾಗ ಎರಡನೆಯದು, ಇವೆರಡೂ ಅಲ್ಲದ ಮೂರನೆಯ ನೆಲೆಯೊಂದು ಮನುಷ್ಯನಿಗೆ ಬೇಕೇ ಬೇಕು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಬರೆದರು. ಅವರ ದೂರು ಮುಖ್ಯವಾಗಿ ಉಪನಗರಗಳ ಮೇಲೆಯೇ ಇತ್ತು. ಕಾಫಿ ಅಂಗಡಿ, ಕ್ಷೌರದ ಅಂಗಡಿ, ಪುಸ್ತಕದ ಅಂಗಡಿ ಇಂಥವುಗಳಲ್ಲಿ ಯಾರೂ ಯಾರ ಅತಿಥಿಯೂ ಅಲ್ಲ, ಹುದ್ದೆಗೆ ಬೆಲೆಯಿಲ್ಲ, ಮಾತೇ ಮುಖ್ಯ, ಪ್ರತಿದಿನ ಬರುವವರೇ ಅಲ್ಲಿನ ಜೀವ ಎಂದು ಅವರು ಗುರುತಿಸಿದ್ದರು.

ಈಗ ನೀವು ಮಾಡಬಹುದಾದ ಕೆಲಸ. ಮನೆಯಿಂದ ಹದಿನೈದು ನಿಮಿಷ ನಡೆದರೆ ಎಲ್ಲಿಗೆ ಮುಟ್ಟುತ್ತೀರಿ ಎಂಬುದನ್ನು ನಾಲ್ಕೂ ದಿಕ್ಕಿಗೆ ನಡೆದೇ ನೋಡಿ. ಸಾಧಾರಣ ನಡಿಗೆಗೆ ಅದು ಸುಮಾರು ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಕಾರಿನಲ್ಲಿ ಓಡಾಡುವವರ ಕಣ್ಣಿಗೆ ಬೀಳದ ಒಂದು ಬೇಕರಿ, ಒಂದು ಸಣ್ಣ ಕಾಫಿ ಅಂಗಡಿ, ಬೆಂಚಿರುವ ಒಂದು ಉದ್ಯಾನ ಆ ಸುತ್ತಿನಲ್ಲಿ ಇರುವುದುಂಟು. ಸಿಕ್ಕಿದ್ದು ಸಾಧಾರಣದ್ದಾಗಿದ್ದರೂ ಅದನ್ನೇ ಹಿಡಿದುಕೊಳ್ಳಿ, ಒಂದೇ ಹೊತ್ತಿಗೆ ಹೋಗಿ. ಅತ್ಯುತ್ತಮ ಕಾಫಿಯನ್ನು ಹುಡುಕಿಕೊಂಡು ವಾರಕ್ಕೊಂದು ಅಂಗಡಿ ಸುತ್ತುವುದು ಇನ್ನೊಂದು ಬಗೆಯ ಹವ್ಯಾಸ. ಅದರಿಂದ ನಾಲಿಗೆ ಪಳಗೀತು, ಪರಿಚಯ ಬೆಳೆಯದು. ನಡೆದು ತಲುಪುವಷ್ಟು ದೂರದಲ್ಲಿ ಏನೂ ಇಲ್ಲವೆಂದಾದರೆ ವಾರಕ್ಕೊಂದು ನಿಗದಿತ ಸಂಜೆ ಸಮೀಪದ ಪೇಟೆಬೀದಿಗೆ ಹೋಗಿ ಕಾರನ್ನು ಒಂದು ಕಡೆ ನಿಲ್ಲಿಸಿ, ಉಳಿದುದನ್ನು ಕಾಲ್ನಡಿಗೆಯಲ್ಲೇ ಮುಗಿಸಿ.

ಪ್ರಶ್ನೆ: ನಿಧಾನ ಬದುಕು ಆರಂಭಿಸಲು ಮನೆಗೆ ಏನೇನು ಕೊಳ್ಳಬೇಕು? ಜಾಲತಾಣಗಳಲ್ಲಿ ಕಾಣುವ ಮರದ ಪೀಠೋಪಕರಣ, ಮಣ್ಣಿನ ಬಟ್ಟಲು, ಕೈಯಲ್ಲಿ ತಿರುಗಿಸಿ ಕಾಫಿಬೀಜ ಪುಡಿಮಾಡುವ ಯಂತ್ರ ಇವೆಲ್ಲ ಅಗತ್ಯವೇ?

ಉತ್ತರ: ಏನೂ ಕೊಳ್ಳಬೇಕಾಗಿಲ್ಲ. ಕೊಂಡದ್ದರ ಕಂತು ತೀರಿಸಲು ಹೆಚ್ಚು ಹೊತ್ತು ದುಡಿಯಬೇಕಾದರೆ ವ್ಯವಹಾರ ತಿರುಗುಮುರುಗಾದಂತೆ. ಬೀಜ ಪುಡಿಮಾಡುವ ಯಂತ್ರದ ಬಗ್ಗೆ ಮಾತ್ರ ನನ್ನ ತಕರಾರಿಲ್ಲ, ಕುದಿಸುವ ಮುನ್ನ ಆಗಷ್ಟೇ ಪುಡಿಮಾಡಿದ ಬೀಜದ ಪರಿಮಳ ನಿಜಕ್ಕೂ ಬೇರೆ.

ಪ್ರಶ್ನೆ: ನಾನು ಒಬ್ಬಳೇ ಇರುವವಳು, ಮಾತು ಕಡಿಮೆ. ಮನೆಯ ಹತ್ತಿರದ ಕಾಫಿ ಅಂಗಡಿಯಲ್ಲಿ ಪುಸ್ತಕ ಓದುತ್ತ ಕೂರುವುದು ನನಗಿಷ್ಟ. ಈಚೆಗೆ ಅಲ್ಲಿನವರು ಗುರುತು ಹಿಡಿದು "ನಿನ್ನೆ ಬರಲೇ ಇಲ್ಲವಲ್ಲ" ಎಂದು ಕೇಳತೊಡಗಿದ್ದಾರೆ. ಮುಜುಗರವಾಗುತ್ತದೆ. ಬೇರೆ ಅಂಗಡಿ ನೋಡಿಕೊಳ್ಳಲೇ?

ಉತ್ತರ: ದಯವಿಟ್ಟು ಬೇಡ. ನಿಮ್ಮನ್ನು ಮುಜುಗರಕ್ಕೆ ಈಡುಮಾಡಿರುವ ಆ ಒಂದು ಮಾತಿಗಾಗಿಯೇ ಎಷ್ಟೋ ಜನ ಇಂಥ ಅಂಗಡಿಗಳಿಗೆ ಹೋಗುತ್ತಾರೆ. ಮನೋವಿಜ್ಞಾನಿಗಳಾದ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಫಿ ಕೊಳ್ಳಲು ಬಂದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಕಾಫಿ ಕೊಡುವವರ ಮುಖ ನೋಡಿ, ನಕ್ಕು, ನಾಲ್ಕು ಮಾತಾಡಬೇಕು; ಇನ್ನೊಂದು ಗುಂಪಿನವರು ಅನಗತ್ಯ ಮಾತಿಲ್ಲದೆ ಆದಷ್ಟು ಬೇಗ ಮುಗಿಸಿ ಹೊರಡಬೇಕು. ಮಾತಾಡಿದವರ ಮನಸ್ಸು ಹೆಚ್ಚು ಉಲ್ಲಾಸದಲ್ಲಿತ್ತು, ತಾವು ಒಂದು ಸಮುದಾಯಕ್ಕೆ ಸೇರಿದವರು ಎಂಬ ಭಾವನೆಯೂ ಅವರಲ್ಲಿ ಹೆಚ್ಚಿತ್ತು. ಇಲ್ಲಿ ಗೆಳೆತನ ಬೆಳೆಸಿ ಎಂದು ಯಾರೂ ಹೇಳಿರಲಿಲ್ಲ, ಅರ್ಧ ನಿಮಿಷದ ಮಾತಷ್ಟೇ ಸಾಕಾಗಿತ್ತು ಎಂಬುದನ್ನು ಗಮನಿಸಿ.

ಇಂಥ ತೆಳುವಾದ ಸಂಬಂಧಗಳನ್ನು ಹಗುರವೆಂದು ತಿಳಿಯಬಾರದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟ್ಟರ್ 1973ರಷ್ಟು ಹಿಂದೆಯೇ ಇವುಗಳ ಬಲವನ್ನು ಕುರಿತು ಬರೆದರು. ಆಪ್ತರಿಗೆ ತಿಳಿದಿರುವುದು ಸಾಮಾನ್ಯವಾಗಿ ನಮಗೂ ತಿಳಿದಿರುತ್ತದೆ, ಹೊಸ ಸುದ್ದಿ, ಹೊಸ ಕೆಲಸದ ಸುಳಿವು ಮುಂತಾದವು ಮುಖಪರಿಚಯದವರಿಂದಲೇ ಹೆಚ್ಚಾಗಿ ಬರುತ್ತವೆ ಎಂಬುದು ಅವರ ಕಾಣ್ಕೆ. ಒಬ್ಬರೇ ವಾಸಿಸುವ ನಿಮಗೆ ಇದರ ಇನ್ನೊಂದು ಮುಖವೂ ಉಂಟು. ಒಂದು ದಿನ ನೀವು ಕಾಣಿಸದಿದ್ದರೆ ಅದನ್ನು ಗಮನಿಸುವವರೊಬ್ಬರು ಮನೆಯ ಹತ್ತಿರ ಇದ್ದಾರೆ. ಜ್ವರ ಬಂದು ಮಲಗಿದ ದಿನ ಅದರ ಬೆಲೆ ತಿಳಿಯುತ್ತದೆ.

ಹಾಗೆಂದು ನಿಮ್ಮ ಮಿತಿಯನ್ನು ನೀವು ಬಿಟ್ಟುಕೊಡಬೇಕಾಗಿಲ್ಲ. "ಕೆಲಸವಿತ್ತು, ಇವತ್ತು ಬಿಡುವಾಯಿತು" ಎಂದು ನಕ್ಕು ಪುಸ್ತಕ ತೆರೆದರೆ, ಮಾತು ಅಲ್ಲಿಗೆ ಮುಗಿಯಿತೆಂದು ತಿಳಿಯುವಷ್ಟು ಸೂಕ್ಷ್ಮ ಅಂಗಡಿಯವರಿಗೆ ಇದ್ದೇ ಇರುತ್ತದೆ. ದಿನಕ್ಕೆ ನೂರಾರು ಜನರನ್ನು ನೋಡುವವರು ಅವರು. ಪ್ರಶ್ನೆಗಳು ಮನೆ ಎಲ್ಲಿ, ಯಾರ ಜೊತೆ ಇದ್ದೀರಿ ಎಂಬಲ್ಲಿಗೆ ತಿರುಗಿದರೆ ಉತ್ತರ ಕೊಡುವ ಋಣ ನಿಮಗಿಲ್ಲ. ಅಂಥ ಪ್ರಶ್ನೆ ಒಬ್ಬರಿಂದಲೇ ಮತ್ತೆ ಮತ್ತೆ ಬಂದರೆ ಆಗ ಬೇರೆ ಅಂಗಡಿಯ ಮಾತು ಸರಿ.

ಪ್ರಶ್ನೆ: ಮನೆಯಿಂದಲೇ ಕಚೇರಿಯ ಕೆಲಸ ಮಾಡುವವನು ನಾನು. ನಾಲ್ಕು ಗೋಡೆಯ ನಡುವೆ ಕೂತು ಸಾಕಾಗಿ ಬಡಾವಣೆಯ ಕಾಫಿ ಅಂಗಡಿಗೆ ಲ್ಯಾಪ್‌ಟಾಪ್ ಒಯ್ಯುತ್ತೇನೆ. ಅಲ್ಲಿ ಕೆಲಸ ಚೆನ್ನಾಗಿ ಸಾಗುತ್ತದೆ. ಒಂದು ಕಾಫಿಗೆ ಎಷ್ಟು ಹೊತ್ತು ಕೂರಬಹುದು? ಇದನ್ನೂ ನಿಧಾನ ಬದುಕು ಎನ್ನಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಎನ್ನಲಾಗದು. ಕೆಲಸವನ್ನು ಹೊತ್ತು ತಂದ ಕೂಡಲೇ ಮೂರನೆಯ ನೆಲೆ ಎರಡನೆಯದಾಗಿಬಿಡುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದಕ್ಕೆ ಅದರ ಹೆಸರನ್ನೇ ಇಡೋಣ. ಕೆಲಸ ಅಲ್ಲಿ ಚೆನ್ನಾಗಿ ಸಾಗುತ್ತದೆಂಬ ನಿಮ್ಮ ಅನುಭವಕ್ಕೆ ಆಧಾರವೂ ಇದೆ. ಸಂಶೋಧಕ ರವಿ ಮೆಹ್ತಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸುತ್ತಲಿನ ಸದ್ದು 70 ಡೆಸಿಬೆಲ್‌ನಷ್ಟಿದ್ದಾಗ ಜನರಿಗೆ ಹೊಸ ಕಲ್ಪನೆಗಳು ಹೊಳೆಯುವುದು 50 ಡೆಸಿಬೆಲ್‌ನ ಶಾಂತ ವಾತಾವರಣಕ್ಕಿಂತ ಹೆಚ್ಚಾಗಿತ್ತು. 85 ಡೆಸಿಬೆಲ್‌ಗೆ ಏರಿದಾಗ ಅದು ಕೆಟ್ಟಿತು. ಜನರ ಮಾತು, ಬಟ್ಟಲಿನ ಸದ್ದು, ಯಂತ್ರದ ಹಬೆ ಸೇರಿದ ಸಾಧಾರಣ ಅಂಗಡಿಯ ಗುನುಗು ಈ ನಡುವಿನ ಮಟ್ಟದ ಆಸುಪಾಸಿನಲ್ಲಿರುತ್ತದೆ. ಆದರೆ ಈ ಲಾಭ ಹೊಸದನ್ನು ಯೋಚಿಸುವ ಕೆಲಸಕ್ಕೆ ಹೇಳಿದ್ದು. ಲೆಕ್ಕಪತ್ರ ತಾಳೆ ನೋಡುವುದಕ್ಕೆ ಮನೆಯೇ ವಾಸಿ ಎಂದು ನನ್ನ ಅಭಿಪ್ರಾಯ.

ಎಷ್ಟು ಹೊತ್ತು ಕೂರಬಹುದು ಎಂಬುದು ಅಂಗಡಿಯ ಅಳತೆಯನ್ನು ಅವಲಂಬಿಸಿದೆ. ಬಾಡಿಗೆ, ಸಂಬಳ, ವಿದ್ಯುತ್ತು ಇವೆಲ್ಲ ಗಂಟೆಯ ಲೆಕ್ಕದಲ್ಲಿ ಓಡುತ್ತಿರುತ್ತವೆ, ಆದಾಯ ಮಾತ್ರ ಬಟ್ಟಲಿನ ಲೆಕ್ಕದಲ್ಲಿ ಬರುತ್ತದೆ. ಆರು ಮೇಜುಗಳಿರುವ ಅಂಗಡಿಯಲ್ಲಿ ಇಬ್ಬರು ಲ್ಯಾಪ್‌ಟಾಪ್ ತೆರೆದು ಇಡೀ ಮಧ್ಯಾಹ್ನ ಕೂತರೆ ಮೂರನೆಯ ಒಂದು ಭಾಗ ಜಾಗ ಮುಚ್ಚಿಹೋದಂತೆ. ವಿಯೆನ್ನಾದ ಹಳೆಯ ಕಾಫಿಮನೆಗಳಲ್ಲಿ ಒಂದು ಕಾಫಿಗೆ ಗಂಟೆಗಟ್ಟಲೆ ಪತ್ರಿಕೆ ಓದುತ್ತ ಕೂರಬಹುದು, ಕಾಫಿಯ ಜೊತೆ ಲೋಟದಲ್ಲಿ ನೀರೂ ಬರುತ್ತದೆ, ಆ ಸಂಸ್ಕೃತಿಯನ್ನು ಆಸ್ಟ್ರಿಯಾ 2011ರಲ್ಲಿ ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೂ ಸೇರಿಸಿಕೊಂಡಿದೆ ಎಂಬುದನ್ನು ಕೆಲವರು ಉದಾಹರಿಸುತ್ತಾರೆ. ಅಲ್ಲಿನ ಬಟ್ಟಲಿನ ಬೆಲೆಯಲ್ಲಿ ಕುರ್ಚಿಯ ಬಾಡಿಗೆಯೂ ಸೇರಿರುತ್ತದೆ ಎಂಬುದನ್ನು ಹೇಳಲು ಮರೆಯುತ್ತಾರೆ. ನಿಮ್ಮ ಬಡಾವಣೆಯ ಚಿಕ್ಕ ಅಂಗಡಿಗೆ ಆ ಅನುಕೂಲವಿಲ್ಲ.

ಆದ್ದರಿಂದ ಗಂಟೆ ಒಂದೂವರೆ ಗಂಟೆಗೊಮ್ಮೆ ಏನನ್ನಾದರೂ ಕೊಂಡುಕೊಳ್ಳಿ. ಒಬ್ಬರೇ ಇದ್ದಾಗ ನಾಲ್ವರ ಮೇಜನ್ನು ಹಿಡಿಯಬೇಡಿ. ಊಟದ ಹೊತ್ತಿಗೆ ಬಾಗಿಲಲ್ಲಿ ಜನ ನಿಂತಿದ್ದರೆ ಎದ್ದುಬಿಡಿ. ಫೋನಿನಲ್ಲಿ ಸಭೆ ನಡೆಸುವುದನ್ನು ಮಾತ್ರ ನಾನು ಯಾವ ಅಂಗಡಿಯಲ್ಲೂ ಕ್ಷಮಿಸಲಾರೆ. ಪಕ್ಕದ ಮೇಜಿನವರು ನಿಮ್ಮ ಕಂಪನಿಯ ತ್ರೈಮಾಸಿಕ ಗುರಿ ತಿಳಿಯಲು ಬಂದವರಲ್ಲ. ಹಾಗೆಯೇ ವಾರದಲ್ಲಿ ಒಂದು ದಿನವಾದರೂ ಲ್ಯಾಪ್‌ಟಾಪ್ ಬಿಟ್ಟು ಅದೇ ಅಂಗಡಿಗೆ ಹೋಗಿ. ಕಾಗದದ ಲೋಟ ಬೇಡವೆಂದು ಹೇಳಿ ಪಿಂಗಾಣಿ ಬಟ್ಟಲಿನಲ್ಲಿ ಕಾಫಿ ಕೇಳಿ, ಮುಗಿಯುವವರೆಗೆ ಫೋನನ್ನು ಚೀಲದಲ್ಲೇ ಇಡಿ. ಮೊದಲ ಹತ್ತು ನಿಮಿಷ ಕೈಗೆ ಏನು ಮಾಡಬೇಕೆಂದು ತೋಚುವುದಿಲ್ಲ, ಅದು ಎಲ್ಲರಿಗೂ ಆಗುವಂಥದೇ.

ಪ್ರಶ್ನೆ: ಸಂಜೆ ಆರಕ್ಕೆ ನೆರೆಯವರ ಜೊತೆ ಕಾಫಿಗೆ ಹೋಗುವ ರೂಢಿ ಮಾಡಿಕೊಂಡಿದ್ದೇನೆ. ಮನಸ್ಸಿಗೆ ಹಿತ, ಆದರೆ ರಾತ್ರಿ ನಿದ್ದೆ ದೂರವಾಗಿದೆ. ರೂಢಿ ಬಿಡಬೇಕೇ?

ಉತ್ತರ: ರೂಢಿ ಬಿಡುವುದು ಬೇಡ, ಬಟ್ಟಲಿನಲ್ಲಿರುವುದನ್ನು ಬದಲಿಸಿ. ಹಗಲೆಲ್ಲ ಮೆದುಳಿನಲ್ಲಿ ಸೇರುತ್ತ ಹೋಗಿ ನಿದ್ದೆಯ ಒತ್ತಡ ತರುವ ಅಡಿನೋಸಿನ್ ಎಂಬ ರಾಸಾಯನಿಕಕ್ಕೆ ಕೆಫೀನ್ ಅಡ್ಡ ಬರುತ್ತದೆ. ದೇಹ ಸೇರಿದ ಕೆಫೀನಿನ ಅರ್ಧಭಾಗ ಕರಗಲು ವಯಸ್ಕರಲ್ಲಿ ಸಾಮಾನ್ಯವಾಗಿ ಐದು ಗಂಟೆ ಹಿಡಿಯುತ್ತದೆ. ಗರ್ಭಿಣಿಯರಲ್ಲಿ ಇದಕ್ಕಿಂತ ಹೆಚ್ಚು. ಆರು ಗಂಟೆಗೆ ಕುಡಿದ ಕಾಫಿಯ ಅರ್ಧದಷ್ಟು ಹನ್ನೊಂದಕ್ಕೂ ಮೈಯಲ್ಲಿ ಉಳಿದಿರುತ್ತದೆ ಎಂದಾಯಿತು. ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾದುದನ್ನು 2013ರ ಅಧ್ಯಯನವೊಂದು ತೋರಿಸಿದೆ. ಅಷ್ಟು ಪ್ರಮಾಣ ಆರೋಗ್ಯವಂತ ವಯಸ್ಕರಿಗೆ ಇಡೀ ದಿನದ ಮಿತಿಯೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿರುವಂಥದು, ಒಂದೇ ಬಟ್ಟಲಿನಲ್ಲಿ ಅಷ್ಟಿರುವುದಿಲ್ಲ. ಆದರೂ ನಿಮ್ಮ ದೇಹ ಕೆಫೀನಿಗೆ ಸೂಕ್ಷ್ಮವಾಗಿರುವಂತೆ ಕಾಣುತ್ತದೆ. ಸಂಜೆಗೆ ಕೆಫೀನ್ ತೆಗೆದ ಕಾಫಿ ಅಥವಾ ಬೇರೆ ಯಾವುದಾದರೂ ಬಿಸಿ ಪಾನೀಯ ಕೇಳಿ. ಕೆಫೀನ್ ತೆಗೆದ ಕಾಫಿಯಲ್ಲೂ ಅದು ಅತ್ಯಲ್ಪ ಉಳಿದಿರುತ್ತದೆ. ನೆರೆಯವರು ಮಾತಿಗಾಗಿ ಬರುತ್ತಾರೆಯೇ ಹೊರತು ನಿಮ್ಮ ಬಟ್ಟಲನ್ನು ಪರೀಕ್ಷಿಸಲು ಅಲ್ಲ.

ಕೇಳದಿದ್ದರೂ ಇನ್ನೊಂದನ್ನು ಹೇಳುತ್ತೇನೆ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ ವರ್ಗೀಕರಿಸಿತು. ಕಾಫಿಯ ಮೇಲೆ ಮೊದಲಿದ್ದ ಸಂಶಯವನ್ನು ಅದೇ ವರದಿಯಲ್ಲಿ ಕೈಬಿಟ್ಟಿತು. ಕಾಫಿ ಬಂದ ಕೂಡಲೇ ಹೀರದೆ ಸ್ವಲ್ಪ ಆರಲು ಬಿಡುವುದಕ್ಕೆ ಹೀಗೊಂದು ವೈದ್ಯಕೀಯ ಕಾರಣವೂ ಇದೆ, ಆರಿದಂತೆ ಅದರ ರುಚಿಯೂ ಹೆಚ್ಚು ತಿಳಿಯುತ್ತದೆ.

ಪ್ರಶ್ನೆ: ನಿವೃತ್ತನಾದ ಮೇಲೆ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಗೆಳೆಯರೊಡನೆ ಒಂದು ಗಂಟೆ ಕೂರುತ್ತೇನೆ. "ಮನೆಯಲ್ಲೇ ಕಾಫಿ ಇರುವಾಗ ಹೊರಗೆ ಹೋಗಿ ಹೊತ್ತು ಕಳೆಯುವುದೇಕೆ" ಎಂದು ಮಕ್ಕಳು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಈ ಆಕ್ಷೇಪ ಬಹಳ ಹಳೆಯದೆಂದು ಹೇಳಿ. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದಾಗ ಅವನನ್ನು ಕಾಡಿದ್ದುದರಲ್ಲಿ ಕಾಫಿ ಕುಡಿಯುತ್ತ ಸೇರುತ್ತಿದ್ದ ಜನರ ಮಾತೂ ಒಂದು. ಕೈರೋದ ಸುಲ್ತಾನ ಆ ನಿಷೇಧವನ್ನು ಒಪ್ಪಲಿಲ್ಲ. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ 1675ರ ಡಿಸೆಂಬರಿನಲ್ಲಿ ಕಾಫಿಮನೆಗಳನ್ನು ಮುಚ್ಚಬೇಕೆಂದು ಘೋಷಣೆ ಹೊರಡಿಸಿದ. ಸೋಮಾರಿಗಳು ಅಲ್ಲಿ ಸೇರುತ್ತಾರೆ, ಸರ್ಕಾರದ ಮೇಲೆ ಸುಳ್ಳುಸುದ್ದಿ ಹಬ್ಬುತ್ತದೆ ಎಂಬುದು ಅವನ ದೂರು. ಜನರ ವಿರೋಧ ಎಷ್ಟಿತ್ತೆಂದರೆ ಜಾರಿಗೆ ಬರುವ ಮೊದಲೇ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ನಡೆಸುತ್ತಿದ್ದ ಕಾಫಿಮನೆಯಲ್ಲಿ ಹೀಗೇ ಹೊತ್ತು ಕಳೆಯುತ್ತಿದ್ದ ಹಡಗು ವ್ಯಾಪಾರಿಗಳ ಮಾತುಕತೆಯಿಂದ ಲಾಯ್ಡ್ಸ್ ಎಂಬ ಜಗದ್ವಿಖ್ಯಾತ ವಿಮಾ ಮಾರುಕಟ್ಟೆ ಬೆಳೆಯಿತು. ನಿಮ್ಮ ಮೇಜಿನಿಂದ ವಿಮಾ ಸಂಸ್ಥೆ ಹುಟ್ಟಬೇಕೆಂದೇನಿಲ್ಲ. ದುಡಿಮೆಯ ಜೊತೆಗೆ ದಿನದಿನವೂ ಸಿಗುತ್ತಿದ್ದ ಸಹೋದ್ಯೋಗಿಗಳ ಒಡನಾಟ ನಿವೃತ್ತಿಯ ದಿನವೇ ನಿಂತುಹೋಗುತ್ತದೆ, ಅದರ ಜಾಗಕ್ಕೆ ನೀವು ಈ ಒಂದು ಗಂಟೆಯನ್ನು ಕಟ್ಟಿಕೊಂಡಿದ್ದೀರಿ. ಒಂದು ಬೆಳಿಗ್ಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಬಡಾವಣೆಯ ಮೂಲೆ ಮನೆಯ ಕೆಳಮಹಡಿಯಲ್ಲಿ ಕಾಫಿ ಅಂಗಡಿ ತೆರೆಯಲು ಒಬ್ಬರು ಮುಂದೆ ಬಂದಿದ್ದಾರೆ. ನಿವಾಸಿಗಳ ಸಂಘದಲ್ಲಿ ಅರ್ಧದಷ್ಟು ಜನ ವಿರೋಧಿಸುತ್ತಿದ್ದಾರೆ: ವಾಹನ ನಿಲುಗಡೆ, ಗದ್ದಲ, ಅಪರಿಚಿತರ ಓಡಾಟ ಎಂದು. ನಾನು ಸಂಘದ ಕಾರ್ಯದರ್ಶಿ. ಯಾರ ಪಕ್ಷ ವಹಿಸಲಿ?

ಉತ್ತರ: ಅಂಗಡಿಯ ಪಕ್ಷ, ಆದರೆ ಷರತ್ತುಗಳೊಂದಿಗೆ. ಮೊದಲು, ವಸತಿ ವಲಯದಲ್ಲಿ ಅಂಥ ಅಂಗಡಿಗೆ ನಿಮ್ಮ ಸ್ಥಳೀಯ ಆಡಳಿತದ ನಿಯಮ ಅವಕಾಶ ಕೊಡುತ್ತದೆಯೇ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಿ. ಕೊಡದಿದ್ದರೆ ಸಂಘದ ಚರ್ಚೆಗೆ ಅರ್ಥವಿಲ್ಲ. ಕೊಡುವುದಾದರೆ ವಿರೋಧಿಗಳ ಮೂರು ಕಾರಣಗಳನ್ನು ಬಿಡಿಬಿಡಿಯಾಗಿ ತೂಗಿ.

ಅಪರಿಚಿತರ ಭಯ ಎಲ್ಲಕ್ಕಿಂತ ದುರ್ಬಲವಾದ ಕಾರಣ. ಬೀದಿಯನ್ನು ಸುರಕ್ಷಿತವಾಗಿಡುವುದು ಅದರ ಮೇಲೆ ಸದಾ ಇರುವ ಕಣ್ಣುಗಳು, ಅಂಗಡಿಯವರು ಆ ಕಣ್ಣುಗಳಲ್ಲಿ ಮುಖ್ಯರು ಎಂದು ನಗರಗಳನ್ನು ಕುರಿತು ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ವಾದಿಸಿದರು. ಅವರು ಬರೆದದ್ದು ದೊಡ್ಡ ನಗರದ ದಟ್ಟ ಬೀದಿಗಳನ್ನು ಕುರಿತಾದರೂ, ಹಗಲೆಲ್ಲ ನಿರ್ಜನವಾಗಿರುವ ಬಡಾವಣೆಯ ಮೂಲೆಗೆ ಅದು ಇನ್ನೂ ಹೆಚ್ಚು ಅನ್ವಯಿಸುತ್ತದೆಂದು ನನಗೆ ತೋರುತ್ತದೆ. ವಾಹನ ನಿಲುಗಡೆಯ ತೊಂದರೆ ಅಂಗಡಿಯ ಗಿರಾಕಿಗಳು ಎಲ್ಲಿಂದ ಬರುತ್ತಾರೆ ಎಂಬುದರ ಮೇಲೆ ನಿಂತಿದೆ. ನಗರ ಯೋಜಕರು ಐದು ನಿಮಿಷದ ನಡಿಗೆಯೆಂದು ಲೆಕ್ಕ ಹಾಕುವುದು ಸುಮಾರು 400 ಮೀಟರು. ಆ ಸುತ್ತಿನವರಿಗಾಗಿ ನಡೆಯುವ ಹತ್ತು ಕುರ್ಚಿಗಳ ಅಂಗಡಿಗೆ ಕಾರುಗಳು ಮುತ್ತುವುದಿಲ್ಲ. ಐವತ್ತು ಕುರ್ಚಿ ಹಾಕಿ ಊರಿಗೆಲ್ಲ ಜಾಹೀರಾತು ಕೊಟ್ಟರೆ ಮುತ್ತುತ್ತವೆ. ನಿತ್ಯದ ಅಗತ್ಯಗಳೆಲ್ಲ ಹದಿನೈದು ನಿಮಿಷದ ನಡಿಗೆಯಲ್ಲಿ ಅಥವಾ ಸೈಕಲ್ ದೂರದಲ್ಲಿ ಸಿಗಬೇಕೆಂಬ, ಪ್ಯಾರಿಸ್ಸಿನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ ಅವರ 2016ರ ಕಲ್ಪನೆಯನ್ನು ಆ ನಗರದ ಅಂದಿನ ಮೇಯರ್ ತಮ್ಮ ಯೋಜನೆಯಾಗಿ ಎತ್ತಿಕೊಂಡಿದ್ದು ನಿಮಗೆ ತಿಳಿದಿರಬಹುದು. ನಿಮ್ಮ ಮೂಲೆ ಮನೆ ಅದರ ಕಿರಿಯ ರೂಪ.

ಗದ್ದಲದ ದೂರನ್ನು ಮಾತ್ರ ಗೌರವದಿಂದ ಕೇಳಬೇಕು, ಏಕೆಂದರೆ ಅದನ್ನು ಅನುಭವಿಸುವವರು ಇಡೀ ಬಡಾವಣೆಯವರಲ್ಲ, ಅಂಗಡಿಯ ಅಕ್ಕಪಕ್ಕದ ಎರಡು ಮೂರು ಮನೆಯವರು. ಷರತ್ತುಗಳನ್ನು ಅವರಿಂದಲೇ ಬರೆಸಿ. ಕುರ್ಚಿಗಳ ಸಂಖ್ಯೆಗೆ ಮಿತಿ, ಮುಚ್ಚುವ ವೇಳೆ, ಹೊರಗೆ ಧ್ವನಿವರ್ಧಕ ಇಡಬಾರದೆಂಬ ನಿಬಂಧನೆ, ಸರಕು ಇಳಿಸುವ ಹೊತ್ತು, ಕಸ ಎತ್ತುವ ಏರ್ಪಾಡು, ಬೀಜ ಹುರಿಯುವುದಾದರೆ ಹೊಗೆ ಎಲ್ಲಿಂದ ಹೊರಹೋಗಬೇಕೆಂಬುದು ಇವಿಷ್ಟು ಅದರಲ್ಲಿರಲಿ. ಆರು ತಿಂಗಳ ಪ್ರಾಯೋಗಿಕ ಒಪ್ಪಿಗೆ ಕೊಟ್ಟು, ಆ ಅವಧಿ ಮುಗಿದಾಗ ಆ ಎರಡು ಮೂರು ಮನೆಗಳ ಅಭಿಪ್ರಾಯವನ್ನು ಉಳಿದವರದಕ್ಕಿಂತ ಮೊದಲು ದಾಖಲಿಸುವ ಠರಾವನ್ನು ಈ ಸಭೆಯಲ್ಲೇ ಮಾಡಿಕೊಳ್ಳಿ.